ಕಿಡ್ನಿ ಕಲ್ಲಿನ ಶಸ್ತ್ರಚಿಕಿತ್ಸೆ: ‘ಶೇ. 90 ಯಶಸ್ಸು’ ಎಂಬ ಮಾತನ್ನು ಹೇಗೆ ತೂಗಬೇಕು?

ಪ್ರಶ್ನೆ: ನನಗೆ 46 ವರ್ಷ. ಎಡ ಮೂತ್ರಪಿಂಡದಲ್ಲಿ ಎರಡು ಕಲ್ಲುಗಳಿವೆ. ಸಿಟಿ ಸ್ಕ್ಯಾನ್ ವರದಿಯ ಪ್ರಕಾರ ದೊಡ್ಡ ಕಲ್ಲು ಪೆಲ್ವಿಸ್‌ನಲ್ಲಿ (ಮೂತ್ರಪಿಂಡದೊಳಗಿನ ಆಲಿಕೆ) ಇದ್ದು 24 × 18 × 16 ಮಿ.ಮೀ. ಇದೆ, ಸಾಂದ್ರತೆ 1,150 ಎಚ್‌ಯು. ಚಿಕ್ಕದು ಕೆಳಗಿನ ಕ್ಯಾಲಿಕ್ಸ್‌ನಲ್ಲಿ (ಮೂತ್ರ ಸೇರುವ ಬಟ್ಟಲು), 8 × 6 ಮಿ.ಮೀ. ಚರ್ಮದಿಂದ ಕಲ್ಲಿಗೆ 92 ಮಿ.ಮೀ. ದೂರ, ಮೂತ್ರಪಿಂಡದ ಊತ ಅಲ್ಪ. ಒಬ್ಬ ತಜ್ಞರು ಪಿಸಿಎನ್‌ಎಲ್ (ಚರ್ಮದ ಮೂಲಕ ರಂಧ್ರ ಮಾಡಿ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಳ್ಳಿ, ಯಶಸ್ಸು ಶೇ. 90 ಎಂದರು. ಇನ್ನೊಂದು ಕಡೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಶೇ. 78 ಎಂದರು. ಯಾರನ್ನು ನಂಬಲಿ? ಶಸ್ತ್ರಚಿಕಿತ್ಸೆ ಯಶಸ್ವಿಯಾಗುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳಲು ನಿಜವಾಗಿ ಸಾಧ್ಯವೇ? ಒಮ್ಮೆ ತೆಗೆಸಿದರೆ ಮತ್ತೆ ಬರುವುದಿಲ್ಲ ತಾನೇ?

ಉತ್ತರ: ಇಬ್ಬರು ಹೇಳಿದ್ದೂ ಸರಿಯಿರಬಹುದು. ಒಬ್ಬರು ಹೆಚ್ಚು ಹೇಳಿ ನಿಮಗೆ ಧೈರ್ಯ ತುಂಬಿದರು, ಇನ್ನೊಬ್ಬರು ಕಡಿಮೆ ಹೇಳಿ ಹೆದರಿಸಿದರು ಎಂದುಕೊಳ್ಳುವ ಮುನ್ನ, ಇಬ್ಬರೂ ‘ಯಶಸ್ಸು’ ಎಂಬ ಪದಕ್ಕೆ ಒಂದೇ ಅರ್ಥ ಕೊಟ್ಟಿದ್ದರೇ ಎಂದು ನೋಡಬೇಕು. ನನ್ನ ಅನುಭವದಲ್ಲಿ ರೋಗಿಗಳು ಹಿಡಿದು ತರುವ ಇಂಥ ಅಂಕಿಗಳ ವ್ಯತ್ಯಾಸ ಬಹುಪಾಲು ಹುಟ್ಟುವುದು ಕಲ್ಲಿನಿಂದಲ್ಲ, ಅಳತೆಗೋಲಿನಿಂದ.

ಕಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ ಯಶಸ್ಸೆಂದರೆ ಮೂತ್ರಪಿಂಡದಲ್ಲಿ ಕಲ್ಲು ಉಳಿದಿಲ್ಲ ಎಂದರ್ಥ. ಕೇಳಲು ಸರಳವಾದ ಈ ಮಾತು ಆಚರಣೆಗೆ ಬಂದಾಗ ಮೂರು ಕಡೆ ಸಡಿಲವಾಗುತ್ತದೆ. ಒಂದು, ಎಷ್ಟು ಚಿಕ್ಕ ಚೂರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು. ಒಂದು ಚೂರೂ ಇರಕೂಡದು ಎನ್ನುವವರಿದ್ದಾರೆ, 2 ಮಿ.ಮೀ.ವರೆಗೆ ಬಿಡಬಹುದು ಎನ್ನುವವರಿದ್ದಾರೆ, ಬಹುಕಾಲ 4 ಮಿ.ಮೀ. ಒಳಗಿನ ಚೂರುಗಳನ್ನು ‘ಗಣನೆಗೆ ಬಾರದ ಉಳಿಕೆ’ ಎಂದು ಕರೆದು ಯಶಸ್ಸಿನ ಪಟ್ಟಿಗೇ ಸೇರಿಸಿಕೊಂಡು ಬಂದದ್ದೂ ಇದೆ. ಎರಡನೆಯದು, ಯಾವ ಕಣ್ಣಿನಿಂದ ಹುಡುಕಿದರು ಎಂಬುದು. ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್‌ಗೆ ಕಾಣದ ಚೂರುಗಳು ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತವೆ. ಯೂರಿಕ್ ಆಸಿಡ್ ಕಲ್ಲಂತೂ ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಡುವುದೇ ಇಲ್ಲ. ಹೀಗಾಗಿ ಅದೇ ಶಸ್ತ್ರಚಿಕಿತ್ಸಕರು ಅದೇ ರೋಗಿಗಳಿಗೆ ಮಾಡಿದ ಅದೇ ಕೆಲಸ ಎಕ್ಸ್‌ರೇ ಆಧಾರದಲ್ಲಿ ಒಂದು ಶೇಕಡಾವಾರು ಕೊಟ್ಟರೆ, ಸಿಟಿ ಆಧಾರದಲ್ಲಿ ಅದಕ್ಕಿಂತ ಕಡಿಮೆ ಕೊಡುತ್ತದೆ; ಹೆಚ್ಚು ಜಾಗ್ರತೆಯಿಂದ ಹುಡುಕಿದವರ ಫಲಿತಾಂಶವೇ ಕೆಟ್ಟದಾಗಿ ಕಾಣುವ ವಿಚಿತ್ರ ಇದು. ಮೂರನೆಯದು ಕಾಲ. ಮರುದಿನವೇ ನೋಡಿದರೆ ಕಾಣುವ ಪುಡಿಯಲ್ಲಿ ಒಂದಷ್ಟು ಮುಂದಿನ ವಾರಗಳಲ್ಲಿ ಮೂತ್ರದೊಂದಿಗೆ ಹೋಗಿಬಿಡುತ್ತದೆ, ಆದ್ದರಿಂದ ಮೂರು ತಿಂಗಳ ನಂತರ ನೋಡಿದವರ ಅಂಕಿ ಚೆನ್ನಾಗಿರುತ್ತದೆ. ಒಂದೇ ಸಲದ ಶಸ್ತ್ರಚಿಕಿತ್ಸೆಯ ಫಲವನ್ನಷ್ಟೇ ಹೇಳಿದರೋ, ಬೇಕಾದರೆ ಮಾಡುವ ಎರಡನೆಯದನ್ನೂ ಸೇರಿಸಿ ಹೇಳಿದರೋ ಎಂಬುದು ಇದರ ಜೊತೆಗೇ ಬರುವ ಪ್ರಶ್ನೆ. ನಿಮ್ಮ ಸಂಗತಿಯಲ್ಲಿ, ‘ಒಂದೇ ಸಲಕ್ಕೆ, ಸಿಟಿಯಲ್ಲಿ ನೋಡಿದರೂ ಸ್ವಚ್ಛ’ ಎಂಬ ಬಿಗಿಯಾದ ಅಳತೆಗೆ 78 ನನಗೆ ನಂಬಲು ಯೋಗ್ಯವಾಗಿ ಕಾಣುತ್ತದೆ. ‘ಕೊನೆಗೆ, ಅಗತ್ಯ ಬಿದ್ದರೆ ಇನ್ನೊಮ್ಮೆ ಒಳಹೊಕ್ಕಾದರೂ, ಲೆಕ್ಕಕ್ಕೆ ಬರುವ ಕಲ್ಲು ಉಳಿಯದಂತೆ’ ಎಂಬ ಅರ್ಥದಲ್ಲಿ 90 ಎಂದಿದ್ದರೆ ಅದೂ ಅತಿಶಯದ ಮಾತಲ್ಲ.

ಹೋಲಿಕೆಗೆ ಒಂದು ದೊಡ್ಡ ಅಂಕಿಯನ್ನು ಹೇಳಬಹುದು. ಜಗತ್ತಿನ 96 ಕೇಂದ್ರಗಳಿಂದ 5,803 ಪಿಸಿಎನ್‌ಎಲ್ ರೋಗಿಗಳ ಮಾಹಿತಿಯನ್ನು ಕಲೆಹಾಕಿ, ಕ್ರೋಯ್ಸ್ ಎಂಬ ಹೆಸರಿನಿಂದ ತಿಳಿದಿರುವ ಅಂತರರಾಷ್ಟ್ರೀಯ ತಂಡವು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಲ್ಲು ಪೂರ್ತಿ ಹೋದವರು ಶೇ. 75.7 ಮಂದಿ. ಅದರಲ್ಲಿ ಒಂಟಿ ಸಣ್ಣ ಕಲ್ಲಿನವರೂ ಇದ್ದರು, ಮೂತ್ರಪಿಂಡದ ಒಳಗನ್ನೆಲ್ಲ ಜಿಂಕೆಯ ಕೊಂಬಿನಂತೆ ತುಂಬಿಕೊಂಡ ಸ್ಟ್ಯಾಗ್‌ಹಾರ್ನ್ ಕಲ್ಲಿನವರೂ ಇದ್ದರು. ಸರಾಸರಿ ಎಂಬುದು ಇಂಥ ಬೆರಕೆಯಿಂದ ಬಂದದ್ದು. ಅದು ಗುಂಪಿನ ಗುಣವೇ ಹೊರತು ನಿಮ್ಮ ಕಲ್ಲಿನ ಗುಣವಲ್ಲ. ಅಂಕಪದ್ಧತಿಗಳು ಹುಟ್ಟಿದ್ದೇ ಈ ಬೆರಕೆಯನ್ನು ಬಿಡಿಸಿ, ‘ನಿಮ್ಮಂಥವರು’ ಯಾರು ಎಂದು ಗುರುತಿಸುವುದಕ್ಕಾಗಿ.

ಚರ್ಮದ ಮೂಲಕ ರಂಧ್ರ ಮಾಡಿ ಮೂತ್ರಪಿಂಡದ ಕಲ್ಲು ತೆಗೆಯುವ ವಿಧಾನವನ್ನು ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ 1976ರಲ್ಲಿ ವರದಿ ಮಾಡಿದರು. ಅಲ್ಲಿಂದ ಮೂರು ದಶಕಕ್ಕೂ ಹೆಚ್ಚು ಕಾಲ ‘ಇದು ಸುಲಭದ ಕಲ್ಲು, ಇದು ಕಷ್ಟದ ಕಲ್ಲು’ ಎಂಬುದು ಚಿತ್ರವನ್ನು ನೋಡಿ ಹಿರಿಯರು ಹೇಳುತ್ತಿದ್ದ ಅಂದಾಜಾಗಿಯೇ ಉಳಿದಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯವರು 2011ರಲ್ಲಿ ಆ ಅಂದಾಜಿಗೆ ನಾಲ್ಕು ಮೆಟ್ಟಿಲುಗಳ ರೂಪ ಕೊಟ್ಟರು. ಸಹಜ ರಚನೆಯ ಮೂತ್ರಪಿಂಡದ ಪೆಲ್ವಿಸ್‌ನಲ್ಲೋ ಮಧ್ಯದ ಅಥವಾ ಕೆಳಗಿನ ಭಾಗದಲ್ಲೋ ಒಂದೇ ಕಲ್ಲಿದ್ದರೆ ಮೊದಲನೆಯ ದರ್ಜೆ. ಸಹಜ ರಚನೆಯಲ್ಲೇ ಹಲವು ಕಲ್ಲುಗಳಿದ್ದರೆ, ಅಥವಾ ಮೇಲ್ಭಾಗದಲ್ಲಿ ಒಂಟಿ ಕಲ್ಲಿದ್ದರೆ, ಅಥವಾ ರಚನೆ ಸಹಜವಲ್ಲದಿದ್ದು ಕಲ್ಲು ಒಂದೇ ಇದ್ದರೆ ಎರಡನೆಯದು. ರಚನೆಯೂ ಸಹಜವಲ್ಲ, ಕಲ್ಲುಗಳೂ ಹಲವು ಎಂದಾದರೆ ಅಥವಾ ಭಾಗಶಃ ಸ್ಟ್ಯಾಗ್‌ಹಾರ್ನ್ ಆದರೆ ಮೂರನೆಯದು. ಪೂರ್ಣ ಸ್ಟ್ಯಾಗ್‌ಹಾರ್ನ್ ಅಥವಾ ಬೆನ್ನುಹುರಿಗೆ ಪೆಟ್ಟಾದವರ ಯಾವುದೇ ಕಲ್ಲು ನಾಲ್ಕನೆಯದು. ಅವರ ಮೊದಲ ಅಧ್ಯಯನದ ನೂರು ಶಸ್ತ್ರಚಿಕಿತ್ಸೆಗಳಲ್ಲಿ ಈ ನಾಲ್ಕು ದರ್ಜೆಗಳಿಗೆ ಬಂದ ಯಶಸ್ಸು ಕ್ರಮವಾಗಿ ಶೇ. 81, 72.4, 35 ಮತ್ತು 29. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಇಳಿತವನ್ನು ಗಮನಿಸಿ. ಪಿಸಿಎನ್‌ಎಲ್ ಕಷ್ಟವಾಗುವುದು ಕಲ್ಲು ದೊಡ್ಡದಾಯಿತೆಂಬ ಒಂದೇ ಕಾರಣಕ್ಕಲ್ಲ. ಅದು ಕವಲು ಕವಲುಗಳಿಗೆ ನುಗ್ಗಿದಾಗ, ಒಂದೇ ದಾರಿಯಿಂದ ಎಲ್ಲ ಮೂಲೆಗಳನ್ನೂ ಮುಟ್ಟಲಾಗದಿದ್ದಾಗ. ನೀವು ಕೊಟ್ಟ ವಿವರದ ಪ್ರಕಾರ ರಚನೆ ಸಹಜವಾಗಿದ್ದರೆ ನಿಮ್ಮದು ಎರಡನೆಯ ದರ್ಜೆ.

2013ರಲ್ಲಿ ಬಂದ ‘ಸ್ಟೋನ್’ ಅಂಕಪದ್ಧತಿ ಇನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ, ಮತ್ತು ನಿಮ್ಮ ವರದಿಯಲ್ಲಿ ಅದಕ್ಕೆ ಬೇಕಾದ ಎಲ್ಲವೂ ಇರುವುದರಿಂದ ಇಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. ಮೊದಲು ಗಾತ್ರ: 24ನ್ನು 18ರಿಂದ ಗುಣಿಸಿದರೆ 432, 8ನ್ನು 6ರಿಂದ ಗುಣಿಸಿದರೆ 48, ಒಟ್ಟು 480 ಚದರ ಮಿ.ಮೀ.; 400ರಿಂದ 799ರ ನಡುವೆ ಬರುವುದರಿಂದ ಎರಡು ಅಂಕ. ಚರ್ಮದಿಂದ ಕಲ್ಲಿಗಿರುವ ದೂರ 100 ಮಿ.ಮೀ. ದಾಟಿಲ್ಲ, ಒಂದು ಅಂಕ. ಮೂತ್ರಪಿಂಡದ ಊತ ಅಲ್ಪ, ಒಂದು ಅಂಕ. ಕಲ್ಲು ಹೊಕ್ಕಿರುವ ಕ್ಯಾಲಿಕ್ಸ್ ಒಂದೇ, ಅದಕ್ಕೂ ಒಂದು. ಸಾಂದ್ರತೆ 950ನ್ನು ಮೀರಿದೆ, ಎರಡು ಅಂಕ. ಎಲ್ಲ ಕೂಡಿದರೆ ಏಳು. ಈ ಪದ್ಧತಿಯಲ್ಲಿ ಅತಿ ಸುಲಭದ ಕಲ್ಲಿಗೆ ಐದು, ಅತಿ ಕಠಿಣದ್ದಕ್ಕೆ ಹದಿಮೂರು ಬರುತ್ತದೆ. ಆದ್ದರಿಂದ ನೀವು ಸುಲಭದ ತುದಿಗೆ ಹತ್ತಿರದಲ್ಲಿದ್ದೀರಿ. ಅದೇ ವರ್ಷ ಮೇಲೆ ಹೇಳಿದ ಕ್ರೋಯ್ಸ್ ತಂಡದ ಮಾಹಿತಿಯಿಂದ ಒಂದು ನೋಮೋಗ್ರಾಮ್, ಅಂದರೆ ಗೆರೆಗಳ ಮೇಲೆ ಅಂಕ ಗುರುತಿಸಿ ಸಂಭವನೀಯತೆ ಓದುವ ನಕ್ಷೆ, ಬಂತು. ಅದರಲ್ಲಿ ಕಲ್ಲಿನ ಪ್ರಮಾಣ, ಸಂಖ್ಯೆ, ಜಾಗ, ಹಿಂದೆ ಆಗಿರುವ ಚಿಕಿತ್ಸೆ ಇವುಗಳ ಜೊತೆಗೆ ಆ ಕೇಂದ್ರದಲ್ಲಿ ವರ್ಷಕ್ಕೆ ಎಷ್ಟು ಪಿಸಿಎನ್‌ಎಲ್ ನಡೆಯುತ್ತದೆ ಎಂಬುದೂ ಒಂದು ಗೆರೆ. ನನಗೆ ಆ ಗೆರೆ ಇಷ್ಟ. ರೋಗಿಯ ದೇಹವನ್ನಷ್ಟೇ ಅಳೆದು ವೈದ್ಯರ ಕೈಯನ್ನು ಅಳೆಯದ ಮುನ್ನಂದಾಜು ಅರ್ಧ ಲೆಕ್ಕ.

ಇನ್ನು ಈ ಅಂಶಗಳು ಏಕೆ ಮುಖ್ಯ ಎಂಬುದನ್ನು ನೋಡೋಣ. ಎಚ್‌ಯು ಎಂದರೆ ಹೌನ್ಸ್‌ಫೀಲ್ಡ್ ಯೂನಿಟ್. ಸಿಟಿ ಸ್ಕ್ಯಾನ್ ರೂಪಿಸಿ 1979ರಲ್ಲಿ ನೊಬೆಲ್ ಹಂಚಿಕೊಂಡ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರಿನದು. ನೀರಿಗೆ ಸೊನ್ನೆ, ಗಾಳಿಗೆ ಋಣ ಸಾವಿರ ಎಂಬ ಮಾಪಕದಲ್ಲಿ ಯೂರಿಕ್ ಆಸಿಡ್ ಕಲ್ಲು ಸಾಮಾನ್ಯವಾಗಿ 500ರ ಒಳಗೇ ನಿಲ್ಲುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟ್‌ನಂಥ ಗಟ್ಟಿ ಕಲ್ಲು ಸಾವಿರವನ್ನು ದಾಟುವುದು ಸಾಮಾನ್ಯ. ನಿಮ್ಮ 1,150 ಎಂಬ ಅಂಕಿ ಎರಡು ಸಂಗತಿಗಳನ್ನು ಹೇಳುತ್ತದೆ: ಮೂತ್ರದ ಆಮ್ಲತೆ ತಗ್ಗಿಸುವ ಔಷಧಿಯಿಂದ ಕರಗಿಸಬಹುದಾದ ಯೂರಿಕ್ ಆಸಿಡ್ ಕಲ್ಲು ಇದಾಗಿರುವ ಸಂಭವ ತೀರ ಕಡಿಮೆ, ಹೊರಗಿನಿಂದ ಆಘಾತ ತರಂಗ ಹಾಯಿಸಿ ಒಡೆಯಲು ಹೋದರೆ ಇದು ಸುಲಭಕ್ಕೆ ಬಗ್ಗುವುದೂ ಇಲ್ಲ. ಸಾಂದ್ರತೆಯೇ ಗಡಸುತನವಲ್ಲ ಎಂಬ ಎಚ್ಚರಿಕೆ ಮಾತ್ರ ಇರಲಿ. ಸಿಸ್ಟೀನ್ ಕಲ್ಲಿನ ಎಚ್‌ಯು ಹೆಚ್ಚಿರಬೇಕೆಂದೇನಿಲ್ಲ, ಆದರೂ ಅದು ತರಂಗಕ್ಕೆ ಒಡೆಯದೆ ಹಟ ಹಿಡಿಯುತ್ತದೆ.

ಆಘಾತ ತರಂಗದ ಚಿಕಿತ್ಸೆ, ಅಂದರೆ ಇಎಸ್‌ಡಬ್ಲ್ಯುಎಲ್, ಮೊದಲು ಮನುಷ್ಯರ ಮೇಲೆ ಪ್ರಯೋಗವಾದದ್ದು 1980ರಲ್ಲಿ ಮ್ಯೂನಿಕ್‌ನಲ್ಲಿ. ಕೊಯ್ತವಿಲ್ಲ, ರಂಧ್ರವಿಲ್ಲ ಎಂಬ ಕಾರಣಕ್ಕೆ ನಿಮ್ಮ ಮನಸ್ಸು ಅದರ ಕಡೆ ಹೋಗುವುದು ಸಹಜ. ಅದಕ್ಕೂ ‘ಟ್ರಿಪಲ್ ಡಿ’ ಎಂಬ ಸರಳ ಅಂಕವಿದೆ: ಕಲ್ಲಿನ ಘನ ಅಳತೆ 150 ಘನ ಮಿ.ಮೀ.ಗಿಂತ ಕಡಿಮೆಯಿದ್ದರೆ ಒಂದು, ಸಾಂದ್ರತೆ 600ಕ್ಕಿಂತ ಕಡಿಮೆಯಿದ್ದರೆ ಒಂದು, ಚರ್ಮದಿಂದ ದೂರ 12 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಒಂದು. ನಿಮ್ಮ ದೊಡ್ಡ ಕಲ್ಲಿನ ಘನ ಅಳತೆ ಸುಮಾರು 3,600 ಘನ ಮಿ.ಮೀ. ಆಗುತ್ತದೆ. ಮೂರರಲ್ಲಿ ಒಂದೇ ಅಂಕ, ಅದೂ ದೂರದ ಕೃಪೆಯಿಂದ. ಯುರೋಪಿನ ಮಾರ್ಗಸೂಚಿಯೂ 20 ಮಿ.ಮೀ. ಮೀರಿದ ಮೂತ್ರಪಿಂಡದ ಕಲ್ಲಿಗೆ ಮೊದಲ ಆಯ್ಕೆಯಾಗಿ ಪಿಸಿಎನ್‌ಎಲ್ ಅನ್ನೇ ಹೇಳುತ್ತದೆ. ಮುನ್ನಂದಾಜಿನ ನಿಜವಾದ ಬಳಕೆ ನನ್ನ ಮಟ್ಟಿಗೆ ಇಲ್ಲೇ ಇರುವುದು. ‘ನನಗೆ 78 ಬರುತ್ತದೆಯೋ 90 ಬರುತ್ತದೆಯೋ’ ಎಂದು ಕೇಳುವುದಕ್ಕಿಂತ ‘ಇದೇ ಕಲ್ಲಿಗೆ ಬೇರೆ ವಿಧಾನ ಹಿಡಿದರೆ ಎಷ್ಟು, ಎಷ್ಟು ಸಲ ಮಾಡಿಸಬೇಕಾದೀತು’ ಎಂದು ಕೇಳಿದರೆ ಅಂಕಿಗಳು ಮಾತಾಡತೊಡಗುತ್ತವೆ.

ಮೂತ್ರದ ದಾರಿಯಿಂದಲೇ ಬಾಗುವ ದೂರದರ್ಶಕ (ಒಳಗನ್ನು ತೋರಿಸುವ ತೆಳು ನಳಿಕೆ) ಹಾಯಿಸಿ ಲೇಸರ್‌ನಿಂದ ಪುಡಿ ಮಾಡುವ ಆರ್‌ಐಆರ್‌ಎಸ್ ಎಂಬ ಮೂರನೆಯ ದಾರಿಯೂ ಇದೆ. ಅದಕ್ಕಾಗಿ 2012ರಲ್ಲಿ ಟರ್ಕಿಯಿಂದ ಬಂದ ರೆಸೋರ್ಲು–ಉನ್ಸಲ್ ಅಂಕದಲ್ಲಿ 20 ಮಿ.ಮೀ. ಮೀರಿದ ಗಾತ್ರಕ್ಕೆ ಒಂದು, ಕೆಳಗಿನ ಕ್ಯಾಲಿಕ್ಸ್‌ನ ಕಲ್ಲಿಗೆ ಕೋನ 45 ಡಿಗ್ರಿಗಿಂತ ಕಿರಿದಾಗಿದ್ದರೆ ಒಂದು, ಬೇರೆ ಬೇರೆ ಕ್ಯಾಲಿಕ್ಸ್‌ಗಳಲ್ಲಿ ಕಲ್ಲುಗಳಿದ್ದರೆ ಒಂದು, ಅಸಹಜ ರಚನೆಗೆ ಒಂದು. ಅಂಕ ಹೆಚ್ಚಾದಷ್ಟೂ ಯಶಸ್ಸು ಕಡಿಮೆ. ಈ ಕೋನದ ಬಗ್ಗೆ ಸ್ವಲ್ಪ ಹೇಳಬೇಕು. ಮೂತ್ರಪಿಂಡದ ಒಳಗೆ ಮೂತ್ರ ಸೇರುವ ಬಟ್ಟಲುಗಳು ಹಲವು, ಅವೇ ಕ್ಯಾಲಿಕ್ಸ್‌ಗಳು. ಅವೆಲ್ಲ ಸಣ್ಣ ಕುತ್ತಿಗೆಗಳ ಮೂಲಕ ಪೆಲ್ವಿಸ್ ಎಂಬ ಆಲಿಕೆಗೆ ತೆರೆದುಕೊಳ್ಳುತ್ತವೆ. ಕೆಳಗಿನ ಬಟ್ಟಲು ನಾವು ನಿಂತಾಗಲೂ ಕುಳಿತಾಗಲೂ ತಗ್ಗಿನಲ್ಲೇ ಇರುತ್ತದೆ. ಅದರ ಕುತ್ತಿಗೆ 5 ಮಿ.ಮೀ.ಗಿಂತ ಕಿರಿದಾಗಿ, ಉದ್ದವಾಗಿ, ಆಲಿಕೆಯೊಡನೆ ಚೂಪಾದ ಕೋನದಲ್ಲಿ ತಿರುಗಿದ್ದರೆ, ಕಲ್ಲನ್ನು ಎಷ್ಟು ಚೆನ್ನಾಗಿ ಪುಡಿ ಮಾಡಿದರೂ ಪುಡಿ ಮೇಲೇರಿ ಹೊರಗೆ ಬರುವುದಿಲ್ಲ. ಬಾಗುವ ದೂರದರ್ಶಕವೂ ಒಳಗೆ ಲೇಸರ್ ತಂತು ಇದ್ದಾಗ ಅಷ್ಟು ಬಾಗಲು ಒಪ್ಪುವುದಿಲ್ಲ. ನಿಮ್ಮ 8 ಮಿ.ಮೀ. ಕಲ್ಲು ಕುಳಿತಿರುವುದು ಇಂಥ ಜಾಗದಲ್ಲಿ. ವರದಿಯಲ್ಲಿ ಕೋನವನ್ನು ನಮೂದಿಸಿಲ್ಲ. ಆರ್‌ಐಆರ್‌ಎಸ್ ಬಗ್ಗೆ ಯೋಚಿಸುವುದಾದರೆ ಅದನ್ನು ಅಳೆಸಿಕೊಳ್ಳಿ. ಕಾಂಟ್ರಾಸ್ಟ್ ಕೊಟ್ಟು ತೆಗೆದ ಚಿತ್ರದಲ್ಲಿ ಅದು ಸ್ಪಷ್ಟವಾಗಿ ಸಿಗುತ್ತದೆ.

ಅಂಕಪಟ್ಟಿಗೆ ಸಿಗದೆ ಉಳಿಯುವುದೇನು ಎಂಬುದನ್ನು ಶಸ್ತ್ರಚಿಕಿತ್ಸಾ ಕೊಠಡಿಯೊಳಗಿಂದ ಹೇಳಿದರೆ ನಿಮಗೆ ಹೆಚ್ಚು ಅರ್ಥವಾದೀತು. ಬೆನ್ನಿನ ಕಡೆಯಿಂದ ಸೂಜಿ ಹಾಕಿ, ಅದರ ಮೇಲೆ ತಂತಿ, ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ಇಳಿಸಿ ದಾರಿ ಹಿಗ್ಗಿಸುತ್ತೇವೆ. ದೊಡ್ಡ ಕಲ್ಲು ಕಣ್ಣೆದುರಿಗೇ ಬರುತ್ತದೆ, ಒಡೆಯುತ್ತದೆ, ಇಕ್ಕಳದಲ್ಲಿ ಹಿಡಿದು ಒಂದೊಂದೇ ಚೂರನ್ನು ಹೊರಗೆಳೆಯುತ್ತೇವೆ. ಇಷ್ಟರವರೆಗೆ ಎಲ್ಲವೂ ಲೆಕ್ಕದಂತೆಯೇ ನಡೆದಿರುತ್ತದೆ. ಆಮೇಲೆ ಒಂದು ಚೂರು ಹರಿಯುವ ನೀರಿನ ರಭಸಕ್ಕೆ ಜಾರಿ, ನಾವು ಹೊಕ್ಕ ದಾರಿಗೆ ಸಮಾನಾಂತರವಾಗಿರುವ ಪಕ್ಕದ ಬಟ್ಟಲಿಗೆ ಹೋಗಿ ಕೂರುತ್ತದೆ. ಎಕ್ಸ್‌ರೇ ಪರದೆಯಲ್ಲಿ ಅದು ದಾರಿಯಿಂದ ಬೆರಳಗಲ ದೂರದಲ್ಲಿ ಬೆಳ್ಳಗೆ ಕಾಣುತ್ತಿರುತ್ತದೆ, ಆದರೆ ನೇರವಾದ ಉಪಕರಣವನ್ನು ಆ ಕಡೆ ತಿರುಗಿಸಲು ಹೋದರೆ ಮೂತ್ರಪಿಂಡದ ಅಂಗಾಂಶ ಹರಿಯುತ್ತದೆ. ಅಷ್ಟರಲ್ಲಿ ತಿಳಿಯಾಗಿದ್ದ ನೀರು ಗುಲಾಬಿಯಾಗಿ, ಕೆಂಪಾಗಿ, ಎದುರಿನದೇನೂ ಕಾಣದಂತಾಗುತ್ತದೆ. ಬಾಗುವ ದೂರದರ್ಶಕ ಕೈಗೆಟುಕುವಂತಿದ್ದರೆ ಪ್ರಯತ್ನಿಸಬಹುದು, ಎರಡನೆಯ ರಂಧ್ರ ಮಾಡಬಹುದು, ಅಥವಾ ನಿಲ್ಲಿಸಿ, ಕೊಳವೆ ಇಟ್ಟು, ಕೆಲವು ದಿನ ಬಿಟ್ಟು ಮತ್ತೆ ಒಳಹೊಗಬಹುದು. ನಿಲ್ಲಿಸಿದ ಶಸ್ತ್ರಚಿಕಿತ್ಸಕರ ಕಡತದಲ್ಲಿ ಅಂದು ‘ಅಪೂರ್ಣ’ ಎಂದು ದಾಖಲಾಗುತ್ತದೆ, ಹಟಕ್ಕೆ ಬಿದ್ದು ಮುಂದುವರಿದವರ ಕಡತದಲ್ಲಿ ‘ಪೂರ್ಣ’ ಎಂದು. ಆದರೆ ಎರಡನೆಯ ರೋಗಿಗೆ ಅದೇ ರಾತ್ರಿ ರಕ್ತ ಕೊಡಬೇಕಾಗಿ ಬಂದಿರಬಹುದು. ಕಲ್ಲು ಹೋಯಿತೇ ಎಂಬ ಒಂದೇ ಪ್ರಶ್ನೆಯಿಂದ ವೈದ್ಯರನ್ನು ಅಳೆಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಆದ್ದರಿಂದ ಯಶಸ್ಸಿನ ಅಂಕಿಯ ಪಕ್ಕದಲ್ಲಿ ತೊಡಕುಗಳ ಅಂಕಿಯನ್ನೂ ಕೇಳಬೇಕು. ಮೇಲೆ ಹೇಳಿದ 96 ಕೇಂದ್ರಗಳ ಅಧ್ಯಯನದಲ್ಲಿ ಶೇ. 10.5 ಮಂದಿಗೆ ಜ್ವರ ಬಂದಿತ್ತು, ಶೇ. 5.7 ಮಂದಿಗೆ ರಕ್ತ ಕೊಡಬೇಕಾಗಿತ್ತು. ಕಲ್ಲು ಹೋಗುತ್ತದೆಯೇ ಎಂಬುದನ್ನು ತಕ್ಕಮಟ್ಟಿಗೆ ಹೇಳುವ ಅಂಕಪದ್ಧತಿಗಳು, ಯಾರಿಗೆ ತೊಡಕಾಗುತ್ತದೆ ಎಂಬುದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಏಕೆಂದರೆ ತೊಡಕು ಕಲ್ಲಿನ ಆಕಾರಕ್ಕಿಂತ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಶಸ್ತ್ರಚಿಕಿತ್ಸೆ ಹಿಡಿದ ಸಮಯ ಇಂಥವುಗಳನ್ನು ಅವಲಂಬಿಸಿರುತ್ತದೆ. ಇವುಗಳಲ್ಲಿ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಒಂದು: ಶಸ್ತ್ರಚಿಕಿತ್ಸೆಗೆ ಮುಂಚೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ಸೂಕ್ತ ಆ್ಯಂಟಿಬಯೋಟಿಕ್ ಮುಗಿಸಿಕೊಂಡೇ ಮೇಜಿಗೆ ಹೋಗುವುದು. ಮೂರು ದಿನ ತಡವಾದೀತೆಂದು ಇದನ್ನು ದಾಟಿಸಿದರೆ, ಕಲ್ಲಿನ ಜೊತೆ ಬ್ಯಾಕ್ಟೀರಿಯಾವನ್ನೂ ಒಡೆದು ರಕ್ತಕ್ಕೆ ಬಿಟ್ಟಂತೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಅದನ್ನು ಬರೆದುಕೊಟ್ಟವರೂ ಶಸ್ತ್ರಚಿಕಿತ್ಸಕರೂ ಮಾತಾಡಿಕೊಂಡು ತೀರ್ಮಾನಿಸಬೇಕು.

ಈಗ ಕಂಪ್ಯೂಟರಿನ ವಿಷಯ. ಇತ್ತೀಚಿನ ವರ್ಷಗಳಲ್ಲಿ ಹತ್ತಾರು ಅಂಶಗಳನ್ನು ಒಟ್ಟಿಗೆ ತೂಗಿ, ಹಿಂದಿನ ರೋಗಿಗಳ ಕಡತಗಳಿಂದ ತಾನೇ ಕಲಿತು ಫಲಿತಾಂಶ ಹೇಳುವ ತಂತ್ರಾಂಶಗಳು ಬಂದಿವೆ. ಅವುಗಳ ವರದಿಯಲ್ಲಿ ‘ನಿಖರತೆ ಶೇ. ಇಷ್ಟು’ ಎಂಬುದು ದಪ್ಪಕ್ಷರದಲ್ಲಿರುತ್ತದೆ. ಆ ಮಾತಿನಲ್ಲಿರುವ ಬಲೆಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸುತ್ತೇನೆ. ನೂರು ರೋಗಿಗಳಲ್ಲಿ ಎಂಬತ್ತು ಮಂದಿಗೆ ಕಲ್ಲು ಪೂರ್ತಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಸ್ಕ್ಯಾನನ್ನೇ ನೋಡದೆ ನೂರು ಮಂದಿಗೂ ‘ಯಶಸ್ವಿ’ ಎಂದು ಬರೆದುಕೊಟ್ಟರೂ ನನ್ನ ಮುನ್ನಂದಾಜು ಶೇ. 80 ನಿಖರ! ಆದರೆ ಯಾರಿಗೆ ಚೂರು ಉಳಿಯುತ್ತದೆ ಎಂದು ಮೊದಲೇ ತಿಳಿಯಬೇಕಿತ್ತೋ ಆ ಇಪ್ಪತ್ತು ಮಂದಿಯಲ್ಲಿ ಒಬ್ಬರನ್ನೂ ನಾನು ಗುರುತಿಸಲಿಲ್ಲ. ಹೀಗಾಗಿ ತಿಳಿದವರು ನಿಖರತೆಯನ್ನಲ್ಲ, ಬೇರೆ ಎರಡನ್ನು ಕೇಳುತ್ತಾರೆ. ಕಲ್ಲು ಹೋದ ಒಬ್ಬರನ್ನೂ ಉಳಿದ ಒಬ್ಬರನ್ನೂ ಎದುರಿಗಿಟ್ಟರೆ ಯಾರು ಯಾರೆಂದು ಎಷ್ಟು ಸಲ ಸರಿಯಾಗಿ ಬೇರ್ಪಡಿಸುತ್ತದೆ ಎಂಬುದು ಮೊದಲನೆಯದು. ನಾಣ್ಯ ಚಿಮ್ಮಿದರೂ ಅರ್ಧದಷ್ಟು ಸಲ ಸರಿ ಬರುತ್ತದೆ, ಅದಕ್ಕಿಂತ ಎಷ್ಟು ಮೇಲಿದೆ ಎಂಬುದೇ ತಂತ್ರಾಂಶದ ಯೋಗ್ಯತೆ. ಎರಡನೆಯದು, ಅದು ‘78’ ಎಂದು ಹೇಳಿದ ನೂರು ಮಂದಿಯನ್ನು ಹಿಂಬಾಲಿಸಿ ನೋಡಿದರೆ ನಿಜಕ್ಕೂ 78ರ ಆಸುಪಾಸಿನಲ್ಲಿ ಯಶಸ್ಸು ಕಂಡಿತೇ ಎಂಬುದು. ಮೊದಲನೆಯದರಲ್ಲಿ ಚೆನ್ನಾಗಿದ್ದು ಎರಡನೆಯದರಲ್ಲಿ ತಪ್ಪುವ ತಂತ್ರಾಂಶಗಳು ಉಂಟು. ಅವು ರೋಗಿಗಳನ್ನು ಸಾಲಾಗಿ ನಿಲ್ಲಿಸುವುದೇನೋ ಸರಿಯಾಗಿಯೇ, ಕೊಡುವ ಶೇಕಡಾವಾರು ಮಾತ್ರ ಸುಳ್ಳು.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ತಂತ್ರಾಂಶ ಕಲಿತದ್ದು ಶಸ್ತ್ರಚಿಕಿತ್ಸೆಗೆ ಒಳಗಾದವರಿಂದ ಮಾತ್ರ. ಯಾರನ್ನು ಯಾವ ವಿಧಾನಕ್ಕೆ ಕಳಿಸಬೇಕೆಂದು ಒಬ್ಬ ಅನುಭವಿ ವೈದ್ಯರು ಆಗಲೇ ಆರಿಸಿಬಿಟ್ಟಿರುತ್ತಾರೆ. ತರಂಗಕ್ಕೆ ಒಡೆಯದಂತೆ ಕಂಡ ಗಟ್ಟಿ ಕಲ್ಲುಗಳನ್ನು ಅವರು ಅತ್ತ ಕಳಿಸಿಯೇ ಇಲ್ಲವಾದರೆ, ಗಟ್ಟಿ ಕಲ್ಲು ತರಂಗಕ್ಕೆ ಹೇಗೆ ವರ್ತಿಸುತ್ತದೆ ಎಂಬುದನ್ನು ಯಂತ್ರ ಕಲಿಯುವುದಾದರೂ ಎಲ್ಲಿಂದ? ಒಂದೇ ಆಸ್ಪತ್ರೆಯ ಕೆಲವು ನೂರು ಕಡತಗಳಿಂದ ಕಲಿತದ್ದು ಆ ಆಸ್ಪತ್ರೆಯ ಕೈಚಳಕವನ್ನೂ, ಉಪಕರಣಗಳನ್ನೂ, ‘ಯಶಸ್ಸು’ ಎಂಬುದಕ್ಕೆ ಅವರು ಕೊಟ್ಟ ಅರ್ಥವನ್ನೂ ಸೇರಿಸಿಯೇ ಕಲಿತಿರುತ್ತದೆ. ಬೇರೆ ಕಡೆಯ ರೋಗಿಗಳ ಮೇಲೆ ಪರೀಕ್ಷಿಸದೆ ಅದನ್ನು ಅಲ್ಲಿ ಬಳಸುವುದು ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಂಡಂತೆ. ನಿಮಗೆ 78 ಎಂದು ಹೇಳಿದವರಲ್ಲಿ, ಆ ತಂತ್ರಾಂಶವನ್ನು ಅವರದೇ ಕೇಂದ್ರದ ರೋಗಿಗಳ ಮೇಲೆ ಹೊಂದಿಸಿ ನೋಡಿದ್ದಾರೆಯೇ ಎಂದು ವಿನಯದಿಂದ ಕೇಳಬಹುದು. ನೋಡಿದ್ದರೆ ಆ ಅಂಕಿಗೆ ಬೆಲೆ ಇದೆ. ಇಲ್ಲವಾದರೆ ಗೈಸ್ ದರ್ಜೆ, ಸ್ಟೋನ್ ಅಂಕ ಇವೇ ಸಾಕು. ಕಾಗದದ ಮೇಲೆ ಎರಡು ನಿಮಿಷದಲ್ಲಿ ಮುಗಿಯುವ ಈ ಲೆಕ್ಕಗಳಿಗಿಂತ ಯಂತ್ರ ಎಷ್ಟು ಮುಂದಿದೆ ಎಂದು ತೋರಿಸುವ ಹೊಣೆ ಯಂತ್ರ ಮಾರುವವರದು.

ಮೊದಲ ತಜ್ಞರನ್ನು ಮತ್ತೆ ಕಂಡಾಗ ‘ಯಶಸ್ಸು ಎಷ್ಟು’ ಎಂದು ಮತ್ತೆ ಕೇಳಬೇಡಿ. ಅದರ ಬದಲು, ನಿಮ್ಮ ಕೈಯಲ್ಲಿ ನನ್ನಂಥ ಎರಡು ಕಲ್ಲಿನವರಿಗೆ ಎರಡನೆಯ ಸಲ ಒಳಹೋಗಬೇಕಾಗಿ ಬಂದದ್ದು ಎಷ್ಟು ಮಂದಿಗೆ, ಕೆಳಗಿನ ಕ್ಯಾಲಿಕ್ಸ್‌ನ ಕಲ್ಲನ್ನು ಅದೇ ದಾರಿಯಿಂದ ಮುಟ್ಟುವ ಯೋಜನೆ ಇದೆಯೇ, ಬಾಗುವ ದೂರದರ್ಶಕ ಅಂದು ಸಿದ್ಧವಿರುತ್ತದೆಯೇ, ನಂತರ ಯಾವ ಸ್ಕ್ಯಾನ್‌ನಿಂದ ಯಾವಾಗ ನೋಡುತ್ತೀರಿ ಎಂದು ಕೇಳಿ. ಒಬ್ಬ ಶಸ್ತ್ರಚಿಕಿತ್ಸಕರು ಪಿಸಿಎನ್‌ಎಲ್‌ನಲ್ಲಿ ಸ್ವತಂತ್ರವಾಗಿ ನಿಲ್ಲಲು ಸುಮಾರು 60 ಶಸ್ತ್ರಚಿಕಿತ್ಸೆಗಳಾದರೂ ಬೇಕು ಎಂಬುದು ಕಲಿಕೆಯ ಬಗೆಗಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ಎಷ್ಟು ಮಾಡಿದ್ದೀರಿ ಎಂದು ಕೇಳುವುದು ಅಗೌರವವಲ್ಲ, ಕೇಳಿಸಿಕೊಂಡು ಸಿಡುಕುವವರು ಇದ್ದರೆ ಅದೂ ಒಂದು ಉತ್ತರವೇ. ಹೋಗುವಾಗ ವರದಿಯ ಕಾಗದವನ್ನಷ್ಟೇ ಅಲ್ಲ, ಸ್ಕ್ಯಾನಿನ ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ. ಕಾಗದದ ಮೇಲಿನ ‘24 ಮಿ.ಮೀ.’ ಎಂಬುದು ಕಲ್ಲಿನ ಉದ್ದ. ಸೂಜಿ ಎಲ್ಲಿಂದ ಹೋಗಬೇಕು ಎಂಬುದು ಚಿತ್ರದಲ್ಲಿ ಮಾತ್ರ ಇದೆ.

ಚೂರು ಉಳಿದರೆ ಏನು ಎಂಬ ಭಯಕ್ಕೆ ಒಂದೆರಡು ಮಾತು. 4 ಮಿ.ಮೀ. ಮೀರಿದ ಚೂರು ಬೆಳೆಯುವ, ನೋವು ಕೊಡುವ, ಮತ್ತೆ ಚಿಕಿತ್ಸೆ ಬೇಡುವ ಸಂಭವ ಸಣ್ಣ ಚೂರಿಗಿಂತ ಹೆಚ್ಚು. ಆದರೆ ಸಣ್ಣದೆಂದು ಕಡೆಗಣಿಸುವುದೂ ಈಗ ಹಿಂದಿನಷ್ಟು ನಿಶ್ಚಿಂತೆಯ ಮಾತಲ್ಲ: 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ದೊಡ್ಡ ಕಲ್ಲನ್ನು ತೆಗೆಯುವಾಗಲೇ ಮೂತ್ರಪಿಂಡದಲ್ಲಿದ್ದ 6 ಮಿ.ಮೀ.ವರೆಗಿನ, ತೊಂದರೆ ಕೊಡದ ಕಲ್ಲುಗಳನ್ನೂ ತೆಗೆದ ಗುಂಪಿನಲ್ಲಿ ಕಾಯಿಲೆ ಮರುಕಳಿಸಿದ್ದು ಶೇ. 16 ಮಂದಿಗೆ, ಬಿಟ್ಟ ಗುಂಪಿನಲ್ಲಿ ಶೇ. 63 ಮಂದಿಗೆ. ನಿಮ್ಮ ಎರಡನೆಯ ಕಲ್ಲು ಅದಕ್ಕಿಂತಲೂ ದೊಡ್ಡದು. ‘ಚಿಕ್ಕದು ಇರಲಿ ಬಿಡಿ’ ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ. ಸೋಂಕಿನಿಂದ ಹುಟ್ಟುವ ಸ್ಟ್ರೂವೈಟ್ ಕಲ್ಲಾಗಿದ್ದರಂತೂ ಚೂರಿನೊಳಗೇ ಬ್ಯಾಕ್ಟೀರಿಯಾ ಮನೆ ಮಾಡಿರುವುದರಿಂದ 2 ಮಿ.ಮೀ. ಕೂಡ ಯಶಸ್ಸಲ್ಲ.

ಕೊನೆಯ ಪ್ರಶ್ನೆಗೆ ಉತ್ತರ ನಿಮಗೆ ಹಿತವೆನಿಸಲಾರದು. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮತ್ತೆ ಆಗುತ್ತದೆ, ಮತ್ತು ನಾನು ಮೇಲೆ ಹೇಳಿದ ಯಾವ ಅಂಕವೂ ಅದನ್ನು ಹೇಳುವುದಿಲ್ಲ. ಅವೆಲ್ಲ ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯುತ್ತವೆ, ಕಲ್ಲು ಮಾಡುವ ದೇಹವನ್ನಲ್ಲ. ಅದನ್ನು ತಿಳಿಯುವ ದಾರಿ ತೆಗೆದ ಚೂರುಗಳಲ್ಲೇ ಇದೆ. ಡಬ್ಬಿಯಲ್ಲಿ ಹಾಕಿ ಮನೆಗೆ ಕೊಟ್ಟು ಕಳಿಸಿದರೆ ನೆನಪಿಗೆಂದು ಇಟ್ಟುಕೊಳ್ಳದೆ ಕಲ್ಲಿನ ರಾಸಾಯನಿಕ ವಿಶ್ಲೇಷಣೆಗೆ ಕಳಿಸಿ. ಗುಣವಾಗಿ ಕೆಲವು ವಾರಗಳಾದ ಮೇಲೆ 24 ಗಂಟೆಯ ಮೂತ್ರದ ಪರೀಕ್ಷೆ ಮಾಡಿಸಿ. ನೀರಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಅದಕ್ಕೆ ಗಟ್ಟಿ ಆಧಾರವಿದೆ: ಇಟಲಿಯಲ್ಲಿ ಐದು ವರ್ಷ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಮರುಕಳಿಕೆ ಶೇ. 12ರಷ್ಟಿದ್ದರೆ, ಉಳಿದವರಲ್ಲಿ ಶೇ. 27. ಕುಡಿದ ನೀರನ್ನಲ್ಲ, ಬಂದ ಮೂತ್ರವನ್ನು ಅಳೆಯಬೇಕೆಂಬುದನ್ನು ಮರೆಯಬೇಡಿ. ಇನ್ನೊಂದು, ಶಸ್ತ್ರಚಿಕಿತ್ಸೆಯ ನಂತರ ಒಳಗೆ ಡಿಜೆ ಸ್ಟೆಂಟ್ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಇಳಿಯಲು ಇಡುವ ತಾತ್ಕಾಲಿಕ ಕೊಳವೆ) ಇಟ್ಟಿದ್ದರೆ ಅದನ್ನು ತೆಗೆಯುವ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡೇ ಹೊರಡಿ. ನೋವಿಲ್ಲವೆಂದು ಅದನ್ನು ಮರೆತು ತಿಂಗಳುಗಟ್ಟಲೆ ಬಿಟ್ಟರೆ ಸ್ಟೆಂಟ್‌ನ ಮೇಲೆಯೇ ಹೊಸ ಕಲ್ಲು ಕಟ್ಟಿಕೊಳ್ಳುತ್ತದೆ.